ನರ್ಮದೆ ಹೆಪ್ಪುಗಟ್ಟಿದ ವರ್ಷ

ಬರೋಡದಲ್ಲಿ, ಫತೇಗಂಜಿನ ಆಚೆ, ಒಂದು ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ಕಾನೂನು ಕಾಲೇಜಿನ ಲೈಬ್ರರಿಯಲ್ಲಿ ಲಿಂಗರಾಜ ಹೊಸಮನಿ ಎಂಬ ವೀರನಿದ್ದ. ಅವನ ಆಯುಧಗಳು ಒಂದು ಟೈಪ್‌ರೈಟರು, ಒಂದು ಪೊರಕೆ, ಒಂದು ಬಾಟಲಿ ಸೀಮೆಎಣ್ಣೆ. ಶತ್ರುಗಳು ಪುಸ್ತಕ ತಿನ್ನುವ ಹುಳ, ಪುಸ್ತಕದ ಮೇಲೆ ಹಿಕ್ಕೆ ಹಾಕುವ ಪಾರಿವಾಳ ಮತ್ತು ಪ್ರಾಧ್ಯಾಪಕರು. ಹುಳಕ್ಕೆ ಸೀಮೆಎಣ್ಣೆ ಇತ್ತು, ಪಾರಿವಾಳಕ್ಕೆ ಪೊರಕೆ ಇತ್ತು. ಪ್ರಾಧ್ಯಾಪಕರಿಗೆ ಇನ್ನೂ ಮದ್ದು ಕಂಡುಹಿಡಿದಿರಲಿಲ್ಲ.

ಲಿಂಗರಾಜ ಗದಗಿನ ಕಡೆಯವನು. ಅಣ್ಣ ರೈಲ್ವೆ ಗಾರ್ಡ್ ಆಗಿ ಬರೋಡಕ್ಕೆ ವರ್ಗವಾದಾಗ ಬೆನ್ನಿಗೆ ಬಂದು, ಟೈಪಿಂಗ್ ಕಲಿತು, ೧೯೫೮ರಲ್ಲಿ ಈ ಕಾಲೇಜಿಗೆ ತಾತ್ಕಾಲಿಕ ಸಹಾಯಕನಾಗಿ ಸೇರಿದ. ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳಾದರು, ಅವರು ಗುಜರಾತಿಯಲ್ಲಿ ಜಗಳವಾಡುವಷ್ಟು ದೊಡ್ಡವರೂ ಆದರು. ಅಪ್ಪ ಮಾತ್ರ ತಾತ್ಕಾಲಿಕವಾಗಿಯೇ ಉಳಿದ. ೧೯೬೫ರ ಮಾರ್ಚಿನಲ್ಲಿ ಅವನನ್ನು ಖಾಯಂ ಮಾಡುವ ಸಮಿತಿ ಕೂಡುವುದಿತ್ತು. ಆ ಸಲ ಆಗದಿದ್ದರೆ, ಟ್ರಸ್ಟಿನ ನಿಯಮದಂತೆ, ಗದಗಿಗೆ ರೈಲು.

ಇನ್ನು ಪ್ರತಿನಾಯಕರು. ರೀಡರ್ ಬಾಲಚಂದ್ರ ರಾಯರು ಮೈಸೂರಿನವರು, ಮಾತು ಬೆಣ್ಣೆ, ಪಂಚೆ ಹಾಲು, ಮೂಗಿನ ಕೆಳಗೆ ಮಾತ್ರ ನಸ್ಯದ ಎರಡು ಕಂದು ನಾಲೆಗಳು ವರ್ಷವಿಡೀ ಹರಿಯುತ್ತಿದ್ದವು. ಓದುವಾಗ ಅವರು ಬೆರಳನ್ನು ಮೊದಲು ನಾಲಿಗೆಗೆ ತಾಗಿಸಿ, ಆಮೇಲೆ ಮೂಗಿಗೆ, ಕೊನೆಗೆ ಪುಟಕ್ಕೆ ತಾಗಿಸುತ್ತಿದ್ದರು. ಈ ಕ್ರಮವನ್ನು ಅವರು ತಪ್ಪಿಸಿದ್ದನ್ನು ಯಾರೂ ನೋಡಿರಲಿಲ್ಲ. ರಾಯರು ಓದಿ ಹಿಂತಿರುಗಿಸಿದ ಪುಸ್ತಕವನ್ನು ಲಿಂಗರಾಜ ಎರಡು ದಿನ ಬಿಸಿಲಿಗೆ ಹಾಕಿ, ಕಣ್ಣು ಮುಚ್ಚಿಕೊಂಡು ಒರೆಸಿ ಒಳಗಿಡುತ್ತಿದ್ದ.

ಕಾಲೇಜಿಗೆ ಕೆನಡಾದಿಂದ ಒಂದು ಕಾನೂನು ಪತ್ರಿಕೆ ಬರುತ್ತಿತ್ತು. ಅದನ್ನು ಯಾರು, ಯಾಕೆ ತರಿಸಲು ಶುರುಮಾಡಿದರೆಂಬುದು ಇತಿಹಾಸಕ್ಕೆ ಗೊತ್ತಿಲ್ಲ. ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ಅಂಚೆಯಲ್ಲಿ ಬರೋಡಕ್ಕೆ, ಹೀಗೆ ಐದು ತಿಂಗಳು ತಡವಾಗಿ ಬರುತ್ತಿದ್ದ ಅದನ್ನು ತೆರೆಯುತ್ತಿದ್ದವರು ಇಬ್ಬರೇ. ಲಿಂಗರಾಜ ಮುದ್ರೆ ಒತ್ತಲು, ರಾಯರು ಕದಿಯಲು.

೧೯೬೪ರ ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ ರಾಯರು ಇಪ್ಪತ್ತೆಂಟು ಅಚ್ಚಾದ ಪುಟಗಳನ್ನು ತಂದು ಅವನ ಮೇಜಿನ ಮೇಲೆ ಹಾಕಿದರು. ಬ್ಲೇಡಿನಿಂದ ನೀಟಾಗಿ ಕತ್ತರಿಸಿದ ಪುಟಗಳು. ನೆತ್ತಿಯಲ್ಲಿ ಮೆಕ್‌ಆಲಿಸ್ಟರ್ ಎಂಬ ಹೆಸರಿಗೆ ಪೆನ್ಸಿಲ್ಲಿನ ಅಡ್ಡಗೆರೆ, ಅದರ ಮೇಲೆ ಎನ್. ಬಾಲಚಂದ್ರ.

"ಮೂರು ಪ್ರತಿ ಟೈಪ್ ಮಾಡಯ್ಯ ಲಿಂಗರಾಜು. ಕೆನಡಾ ಅಂತ ಬಂದ ಕಡೆ ಭಾರತ ಹಾಕು. ಆಲ್ಬರ್ಟಾ ಅಂದ್ರೆ ಮಧ್ಯಪ್ರದೇಶ. ಸಸ್ಕಾಚೆವಾನ್ ಪ್ರಾಂತ ಅಂದ್ರೆ ಗುಜರಾತ್, ಆ ಹೆಸರಿನ ನದಿ ಬಂದ್ರೆ ನರ್ಮದೆ. ಒಟ್ಟಾವಾಕ್ಕೆ ದಿಲ್ಲಿ. ಗೋಧಿ ಅಂತ ಇದ್ರೆ ಹತ್ತಿ ಮಾಡ್ಬಿಡು. ಗೊತ್ತಾಯ್ತಲ್ಲ?"

"ಗೊತ್ತಾತ್ರಿ ಸರ್. ಹಾಳಿ ಕತ್ತರಿಸಿದಂಗ ಐತಲ್ರಿ?"

"ಅದು ನಿನಗ್ಯಾಕಯ್ಯ? ವಿದ್ವಾಂಸರು ಅಂದ್ಮೇಲೆ ಕತ್ತರಿಸ್ತಾರೆ."

ಕೆನಡಾದ ಆ ಪುಣ್ಯಾತ್ಮ ಬರೆದಿದ್ದ ವಿಷಯ ನಿಜಕ್ಕೂ ಗಟ್ಟಿಯಾದದ್ದು. ಒಂದು ನದಿ ಎರಡು ಪ್ರಾಂತಗಳಲ್ಲಿ ಹರಿಯುತ್ತದೆ. ಮೇಲಿನ ಪ್ರಾಂತ, 'ನನ್ನ ನೆಲದ ಮೇಲಿರುವಾಗ ನೀರು ನನ್ನದು' ಎಂದು ಅಣೆಕಟ್ಟು ಕಟ್ಟಿದರೆ ಕೆಳಗಿನ ಪ್ರಾಂತ ಯಾವ ಕೋರ್ಟಿಗೆ ಹೋಗಬೇಕು? ಒಟ್ಟಾವಾದ ಸಂಸತ್ತು ನಡುವೆ ಬಾಯಿ ಹಾಕಬಹುದೇ? ಹಾದುಹೋಗುವ ವಸ್ತು ಹಿಡಿದುಕೊಂಡವನ ಆಸ್ತಿಯಾಗುವುದಿಲ್ಲ ಎಂಬುದು ಅವನ ವಾದದ ತಿರುಳು. ನರ್ಮದೆಯ ನೀರಿಗಾಗಿ ಮಧ್ಯಪ್ರದೇಶವೂ ಗುಜರಾತೂ ಕಚ್ಚಾಡುತ್ತಿದ್ದ ಕಾಲ ಅದು. ರಾಯರ ಮೂಗಿಗೆ ನಸ್ಯದ ಜೊತೆ ಕೀರ್ತಿಯ ವಾಸನೆಯೂ ಬಡಿದಿತ್ತು.

ಹನ್ನೊಂದನೆಯ ಹಾಳೆಯಲ್ಲಿ ಲಿಂಗರಾಜನ ಬೆರಳು ನಿಂತಿತು. ಎದ್ದು ಹೋಗಿ ಕೇಳಿದ.

"ಸರ್, ನವೆಂಬರಿನಿಂದ ಏಪ್ರಿಲ್ ತನಕ ನದಿ ಹೆಪ್ಪುಗಟ್ಟಿರತೈತಿ, ಆ ತಿಂಗಳಿನ ನೀರಿನ ಪಾಲು ಬ್ಯಾರೆ ಹಿಡೀಬೇಕು ಅಂತ ಐತ್ರಿ. ನರ್ಮದಾ ಹೆಪ್ಪುಗಟ್ಟತೈತೇನ್ರಿ?"

ರಾಯರು ತಲೆಯೆತ್ತಲಿಲ್ಲ. "ನಿನ್ನ ಟೈಪ್ ಮಾಡಕ್ಕೆ ಇಟ್ಕೊಂಡಿರೋದಯ್ಯ, ಯೋಚನೆ ಮಾಡಕ್ಕಲ್ಲ."

ಲಿಂಗರಾಜ ನರ್ಮದೆಯನ್ನು ಹೆಪ್ಪುಗಟ್ಟಿಸಿದ.

ಜನವರಿಯಲ್ಲಿ ಲೈಬ್ರರಿ ತಪಾಸಣೆ ನಡೆಯಿತು. ಕೆನಡಾ ಪತ್ರಿಕೆಯಲ್ಲಿ ೨೧೧ರಿಂದ ೨೩೮ರವರೆಗಿನ ಪುಟಗಳಿಲ್ಲ. ಆ ಕಪಾಟಿನ ಬೀಗದ ಕೈ ಇರುವುದು ಒಬ್ಬನ ಹತ್ತಿರ. ಪ್ರಿನ್ಸಿಪಾಲ್ ವೈಷ್ಣವ್ ಸಾಹೇಬರು ಅವನನ್ನು ಕರೆಸಿದರು. ಸಾಹೇಬರದು ದೊಡ್ಡ ಹೊಟ್ಟೆ, ದಿನಕ್ಕೆ ನಲವತ್ತು ಕಾಗದಗಳಿಗೆ ಓದದೆ ಸಹಿ ಹಾಕಬಲ್ಲ ಸಣ್ಣ ಕೈ. ಪಕ್ಕದ ಕುರ್ಚಿಯಲ್ಲಿ ರಾಯರು ಕುಳಿತು ಸಾಹೇಬರ ತಟ್ಟೆಯಿಂದ ಗಾಂಠಿಯಾ ಎಂಬ ಕಡಲೆಹಿಟ್ಟಿನ ಕುರುಕಲು ಮೆಲ್ಲುತ್ತಿದ್ದರು.

"ಲಿಂಗರಾಜಭಾಈ," ಎಂದರು ಸಾಹೇಬರು ಗುಜರಾತಿಯಲ್ಲಿ, "ಮಾರ್ಚಿಗೆ ಮೊದಲು ಪುಟ ಬರಬೇಕು. ಬರಲಿಲ್ಲ ಅಂದರೆ ಸಮಿತಿಗೆ ನಿನ್ನ ಹೆಸರೇ ಹೋಗೋದಿಲ್ಲ."

ಲಿಂಗರಾಜ ರಾಯರ ಕಡೆ ತಿರುಗಿ ಕನ್ನಡದಲ್ಲಿ ಅಂಗಲಾಚಿದ. "ಸರ್, ಆ ಹಾಳಿ ಕೊಟ್ಟುಬಿಡ್ರಿ. ನಾನು ಯಾರ ಮುಂದೂ ಬಾಯಿ ಬಿಡಂಗಿಲ್ಲ. ಎರಡು ಹೆಣ್ಣುಮಕ್ಕಳದಾವ್ರಿ ನನಗ."

ರಾಯರು ಸಾಹೇಬರ ಕಡೆ ನಗುಮುಖವಿಟ್ಟುಕೊಂಡೇ ಕನ್ನಡದಲ್ಲಿ ಉತ್ತರಿಸಿದರು. "ಅವು ಬಚ್ಚಲೊಲೆಗೆ ಹೋಗಿ ಮೂರು ತಿಂಗಳಾಯ್ತು ಕಣಯ್ಯ. ನೀರು ಚೆನ್ನಾಗಿ ಕಾದಿತ್ತು. ನನ್ನ ಹೆಸರು ಹೇಳಿದೆಯೋ, ಆ ಸಮಿತಿಯಲ್ಲಿ ನಾನೂ ಒಬ್ಬ. ನೆನಪಿರಲಿ."

"ಏನು ಹೇಳ್ತಿದಾನೆ?" ಎಂದರು ಸಾಹೇಬರು.

"ಕ್ಷಮೆ ಕೇಳ್ತಿದಾನೆ, ಪಾಪ," ಎಂದು ಗುಜರಾತಿಯಲ್ಲಿ ಹೇಳಿ ರಾಯರು ಇನ್ನೊಂದು ಗಾಂಠಿಯಾ ಎತ್ತಿಕೊಂಡರು. ನಸ್ಯದ ಬೆರಳು ತಟ್ಟೆಯಲ್ಲಿ ಆಡಿದ್ದನ್ನು ನೋಡಿ ಲಿಂಗರಾಜ, ರಾಯರ ಪುಸ್ತಕ ಒರೆಸುವಾಗಿನಂತೆ, ಕಣ್ಣು ಮುಚ್ಚಿಕೊಂಡ.

ಆ ಮಧ್ಯಾಹ್ನ ಅವನು ಒಂದು ಕಾಗದ ಟೈಪ್ ಮಾಡಿದ. ಪತ್ರಿಕೆಯ ಹಾಳೆ ತಪ್ಪಿ ಹೋದರೆ ಪ್ರಕಾಶಕರಿಗೆ ಬರೆದು ತರಿಸಿಕೊಳ್ಳಲು ಒಂದು ನಮೂನೆ ಇತ್ತು. ಅದರ ನಾಲ್ಕನೆಯ ಸಾಲು: 'ಕಾಣೆಯಾದ ಭಾಗದ ವಿವರ'. ಬೇರೆ ಯಾರಾದರೂ ಅಲ್ಲಿ ಪುಟದ ಸಂಖ್ಯೆ ಬರೆದು ಮುಗಿಸುತ್ತಿದ್ದರು. ಲಿಂಗರಾಜ 'ವಿವರ ಲಗತ್ತಿಸಿದೆ' ಎಂದು ಬರೆದು, ರಾಯರು ಎರಡನ್ನು ಒಯ್ದ ಮೇಲೆ ತನ್ನ ಬಳಿ ಉಳಿದಿದ್ದ ಮೂರನೆಯ ಕಾರ್ಬನ್ ಪ್ರತಿಯನ್ನು, ಎನ್. ಬಾಲಚಂದ್ರ ಎಂಬ ಹೆಸರು ಸಹಿತ, ಇಡಿಯಾಗಿ ಜೋಡಿಸಿದ. ಕೆನಡಾದವರಿಗೆ ಗೊಂದಲವಾಗಬಾರದಲ್ಲ? ಆದ್ದರಿಂದ ಇನ್ನೊಂದು ಹಾಳೆಯಲ್ಲಿ, 'ಆದೇಶದ ಪ್ರಕಾರ ಬದಲಾಯಿಸಿದ ಹೆಸರುಗಳು' ಎಂಬ ತಲೆಬರಹದ ಕೆಳಗೆ, ಭಾರತ ಎಂದಿರುವಲ್ಲಿ ಕೆನಡಾ ಎಂದು ಓದಿಕೊಳ್ಳುವುದು, ನರ್ಮದೆ ಎಂದಿರುವಲ್ಲಿ ಸಸ್ಕಾಚೆವಾನ್ ಎಂದು, ಹತ್ತಿ ಎಂದಿರುವಲ್ಲಿ ಗೋಧಿ ಎಂದು, ಒಂದೂ ಬಿಡದೆ ಪಟ್ಟಿ ಮಾಡಿದ.

ಹೊರದೇಶಕ್ಕೆ ಹೋಗುವ ಪತ್ರ ಪ್ರಿನ್ಸಿಪಾಲರ ಸಹಿಯಲ್ಲೇ ಹೋಗಬೇಕು. ಸಾಹೇಬರು ನಲವತ್ತರಲ್ಲಿ ಒಂದಾಗಿ ಅದಕ್ಕೂ ಸಹಿ ಹಾಕಿದರು. ಏರ್‌ಮೇಲ್ ಲಕೋಟೆ ಹಾರಿತು.

ಅವನು ಹೀಗೆ ಮಾಡಿದ್ದು ಪೆದ್ದತನದಿಂದಲೋ ಪಾಕಡತನದಿಂದಲೋ ಎಂಬುದರ ಮೇಲೆ ಬರೋಡದ ಕನ್ನಡಿಗರಲ್ಲಿ ಇವತ್ತಿಗೂ ಎರಡು ಪಕ್ಷಗಳಿವೆ. ಕೇಳಿದರೆ ಲಿಂಗರಾಜ ಒಂದೇ ಉತ್ತರ ಹೇಳುತ್ತಾನೆ: "ನಮೂನಿಯೊಳಗ ವಿವರ ಅಂತ ಕೇಳಿದ್ರು. ಕೊಟ್ಟೆ."

ಫೆಬ್ರವರಿಯಲ್ಲಿ ಅಹಮದಾಬಾದಿನ ಒಂದು ತ್ರೈಮಾಸಿಕದಲ್ಲಿ 'ನರ್ಮದಾ ಜಲವಿವಾದ' ಅಚ್ಚಾಯಿತು. ಕಾಲೇಜಿನಲ್ಲಿ ಸನ್ಮಾನ. ಮೂವರು ವಕೀಲರು, ಒಬ್ಬ ನಿವೃತ್ತ ನ್ಯಾಯಾಧೀಶರು, ಇಬ್ಬರು ಟ್ರಸ್ಟಿಗಳು ಸರದಿಯ ಮೇಲೆ ಎದ್ದು ಲೇಖನವನ್ನು ಕೊಂಡಾಡಿದರು. ಒಬ್ಬರು ಅದನ್ನು ಎರಡು ಸಲ ಓದಿದೆನೆಂದರು, ಇನ್ನೊಬ್ಬರು ಮೂರು ಸಲ ಎಂದರು. ಭರೂಚಿನಲ್ಲಿ ಹುಟ್ಟಿ, ನರ್ಮದೆಯಲ್ಲೇ ಈಜು ಕಲಿತಿದ್ದ ಟ್ರಸ್ಟಿಯಂತೂ ಪ್ರತಿಯೊಂದು ಸಾಲೂ ತನ್ನ ಅನುಭವಕ್ಕೆ ಬಂದದ್ದೇ ಎಂದು ಎದೆ ತಟ್ಟಿಕೊಂಡರು. ಐದು ತಿಂಗಳು ಮಂಜುಗಡ್ಡೆಯಾಗಿದ್ದ ನದಿಯ ಮೇಲೆ ಇಷ್ಟು ಜನ ಮಹನೀಯರು ನಡೆದುಹೋದರು, ಒಬ್ಬರ ಕಾಲೂ ಜಾರಲಿಲ್ಲ. ಹಿಂದಿನ ಸಾಲಿನಲ್ಲಿ ನಿಂತು ಹಾರದ ದಾರ ಬಿಡಿಸುತ್ತಿದ್ದ ಲಿಂಗರಾಜ ಮೊದಲ ಸಲ ಹುಳಗಳ ಬಗ್ಗೆ ಗೌರವ ತಾಳಿದ. ಅವಾದರೂ ಪುಟದ ಒಳಗೆ ಹೋಗುತ್ತವೆ.

ಸಮಿತಿ ಕೂಡಲು ನಾಲ್ಕು ದಿನವಿದ್ದಾಗ ಕೆನಡಾದ ಪ್ಯಾಕೆಟ್ಟು ಬಂತು, ಸಹಿ ಮಾಡಿದವರ ಹೆಸರಿಗೆ. ಸಾಹೇಬರು ಲಿಂಗರಾಜನನ್ನು ಕರೆಸಿ ಬಾಗಿಲು ಹಾಕಿಸಿದರು. ಮೇಜಿನ ಮೇಲೆ ಮೆಕ್‌ಆಲಿಸ್ಟರ್ ಲೇಖನದ ಅಚ್ಚುಪ್ರತಿ ಇತ್ತು. ಪ್ರಕಾಶಕರು ಕೋರಿಕೆಯನ್ನು ಲೇಖಕನಿಗೇ ದಾಟಿಸಿದ್ದರು; ಪಕ್ಕದಲ್ಲಿ ಮೆಕ್‌ಆಲಿಸ್ಟರನ ಪತ್ರ: 'ತಮ್ಮ ಸಂಸ್ಥೆಯದಷ್ಟು ಪ್ರಾಮಾಣಿಕವಾದ ಕೋರಿಕೆ ನನಗೆ ಹಿಂದೆಂದೂ ಬಂದಿರಲಿಲ್ಲ. ನನ್ನ ಲೇಖನ ಅಷ್ಟು ದೂರದಲ್ಲಿ, ಅಷ್ಟು ನಿಷ್ಠೆಯಿಂದ ಬಳಕೆಯಾಗುತ್ತಿರುವುದು ಸಂತೋಷ. ನಿಮ್ಮ ಪಟ್ಟಿಯಲ್ಲಿ ಮಂಜುಗಡ್ಡೆ ಬಿಟ್ಟುಹೋಗಿದೆ. ಅದಕ್ಕೂ ಏನಾದರೂ ಮಾಡಬೇಕು.'

"ಅರೇ ಭಾಈ, ನಾನು ಯಾವುದಕ್ಕೆ ಸಹಿ ಹಾಕಿದೆ?" ಸಾಹೇಬರ ಹಣೆಯಲ್ಲಿ ಬೆವರು.

"ಕಾಣೆಯಾದ ಪುಟದ ವಿವರಕ್ಕೆ, ಸಾಹೇಬ್."

ಸಾಹೇಬರು ಪತ್ರವನ್ನು ಇನ್ನೊಮ್ಮೆ ಓದಿದರು. ಮೊದಲು ಭಯ ಇಳಿಯಿತು, ಆಮೇಲೆ ಮುಖ ಅರಳತೊಡಗಿತು. ಜೂನಿನಲ್ಲಿ ಅವರ ನಿವೃತ್ತಿ. ಎರಡು ವರ್ಷ ಮುಂದುವರಿಸಿರೆಂದು ಟ್ರಸ್ಟಿಗಳ ಹಿಂದೆ ಬಿದ್ದಿದ್ದರು. ಅದೇ ಕುರ್ಚಿಯ ಮೇಲೆ ಬಾಲಚಂದ್ರ ರಾಯರ ಕಣ್ಣಿತ್ತು.

ಅವರು ಪ್ಯಾಕೆಟ್ಟನ್ನು ಡ್ರಾಯರಿಗೆ ಹಾಕಿ ಬೀಗ ತಿರುವಿದರು. "ಇದು ಗೋಪ್ಯ. ನೀನು ನೋಡಿಲ್ಲ. ಹೋಗು, ನಿನ್ನದು ಪಕ್ಕಾ ಆಯಿತು ಅಂತ ತಿಳಕೋ."

"ಸಾಹೇಬ್, ಆ ಪುಟ ಲೈಬ್ರರಿಯದು. ಸಂಪುಟ ಬೈಂಡಿಂಗಿಗೆ ಹೋಗಬೇಕು."

"ನೌಕರಿ ಬೇಕೋ ಪುಟ ಬೇಕೋ?"

ಇಲ್ಲಿ ನಮ್ಮ ವೀರ ಗುಡುಗಿದನೆಂದು ಬರೆಯಲು ನನಗೂ ಆಸೆ. ಅವನು ತಲೆ ತಗ್ಗಿಸಿ ಹೊರಗೆ ಬಂದ.

ಮುಂದಿನದು ಎಣ್ಣೆ ಹಾಕಿದ ಚಕ್ರದಂತೆ ಉರುಳಿತು. ಸಾಹೇಬರು ರಾಯರನ್ನು ಒಳಗೆ ಕರೆದು ಡ್ರಾಯರು ತೆರೆದು ತೋರಿಸಿ ಮತ್ತೆ ಮುಚ್ಚಿದರು. ಆ ವಾರವೇ ಟ್ರಸ್ಟಿಗಳ ಸಭೆಯಲ್ಲಿ ರಾಯರು ಎದ್ದು ನಿಂತು, ವೈಷ್ಣವ್ ಸಾಹೇಬರಿಲ್ಲದ ಕಾಲೇಜು ದೇವರಿಲ್ಲದ ಗುಡಿಯೆಂದು ಕಣ್ಣೊರೆಸಿಕೊಂಡು, ಎರಡು ವರ್ಷದ ಮುಂದುವರಿಕೆಯನ್ನು ತಾವೇ ಸೂಚಿಸಿದರು. ಲಿಂಗರಾಜ ಹೊಸಮನಿಯ ಖಾಯಮಾತಿಯ ಆದೇಶಕ್ಕೂ 'ಅತ್ಯಂತ ವಿಶ್ವಾಸಾರ್ಹ' ಎಂದು ಷರಾ ಬರೆದು ಸಹಿ ಹಾಕಿದರು. ಕದ್ದವರು ಕದ್ದ ಕೀರ್ತಿಯನ್ನು ಇಟ್ಟುಕೊಂಡರು, ಹಿಡಿದವರು ಕುರ್ಚಿ ಉಳಿಸಿಕೊಂಡರು. ಕೆನಡಾದ ನ್ಯಾಯಶಾಸ್ತ್ರ ಡ್ರಾಯರಿನಲ್ಲಿ ಗಾಂಠಿಯಾ ಪೊಟ್ಟಣದ ಎಣ್ಣೆ ಕುಡಿಯುತ್ತ ಮಲಗಿತು.

ಆದೇಶ ಬಂದ ದಿನ ಹೆಂಡತಿ ಗೌರಮ್ಮ ಹೋಳಿಗೆ ಮಾಡಿದ್ದಳು. ಲಿಂಗರಾಜ ಅರ್ಧ ತಿಂದು ತಟ್ಟೆ ಸರಿಸಿದ.

"ಯಾಕ್ರೀ? ನೌಕರಿ ಪಕ್ಕಾ ಆತಲ್ಲ, ಮತ್ತ್ಯಾಕ ಹಿಂಗ ಮಾರಿ?"

"ಯಾರದೋ ಎಂಜಲ ಗಂಗಾಳದಾಗ ಉಂಡಂಗ ಆಗೈತಿ."

"ಉಂಡದ್ದೇನೋ ಉಂಡೀರಿ. ಎದ್ದು ಗಂಗಾಳ ತೊಳೀರಿ ಹಂಗಾರ," ಎಂದಳು ಗೌರಮ್ಮ. ಆಕೆಗೆ ತತ್ತ್ವಜ್ಞಾನಕ್ಕೆ ಪುರಸತ್ತಿರಲಿಲ್ಲ.

ಅವನು ಅದನ್ನು ಹಾಗೆಯೇ ಹಿಡಿದುಕೊಂಡ. ಮರುದಿನದಿಂದ, ಕಾಲೇಜು ಬಿಟ್ಟ ಮೇಲೆ ದಿನಕ್ಕೆ ಒಂದು ತಾಸು, ಅಹಮದಾಬಾದಿನ ತ್ರೈಮಾಸಿಕವನ್ನು ಮುಂದಿಟ್ಟುಕೊಂಡು, ರಾಯರ ಲೇಖನವನ್ನು ಹಿಂದುಮುಂದಾಗಿ ನಡೆಸಿದ. ದಿಲ್ಲಿ ಒಟ್ಟಾವಾಕ್ಕೆ ಮರಳಿತು. ಮಧ್ಯಪ್ರದೇಶ ಆಲ್ಬರ್ಟಾಕ್ಕೆ ಹಿಂತಿರುಗಿತು. ಹತ್ತಿಯ ಹೊಲಗಳಲ್ಲಿ ಗೋಧಿ ಎದ್ದಿತು. ಮಂಜುಗಡ್ಡೆಯನ್ನು ಮಾತ್ರ ಮುಟ್ಟುವ ಅಗತ್ಯ ಬೀಳಲಿಲ್ಲ, ಅದು ಅಷ್ಟು ದಿನವೂ ತನ್ನ ನದಿಗಾಗಿ ಕಾಯುತ್ತಿತ್ತು. ನೆತ್ತಿಯಲ್ಲಿ ಮೆಕ್‌ಆಲಿಸ್ಟರನ ಹೆಸರು ದೊಡ್ಡಕ್ಷರದಲ್ಲಿ ಕುಳಿತಿತು. ಮೊದಲ ಪುಟದ ಅಡಿಯಲ್ಲಿ ಒಂದು ಟಿಪ್ಪಣಿ: 'ಮೂಲ ಪುಟಗಳು ಇಲ್ಲದ ಕಾರಣ, ಈ ಲೇಖನವನ್ನು ಎನ್. ಬಾಲಚಂದ್ರ ಅವರ ಹೆಸರಿನಲ್ಲಿ ಅಚ್ಚಾದ ಪ್ರತಿಯಿಂದ ವಾಪಸು ಪಡೆಯಲಾಗಿದೆ.' ೨೧೧ರಿಂದ ೨೩೮. ಬೈಂಡಿಂಗಿನವನಿಗೆ ಎರಡು ಹೊಲಿಗೆ ಹೆಚ್ಚಾಗಿ ಹಾಕಲು ಹೇಳಿದ.

ಜುಲೈಯಲ್ಲಿ ಸಂಪುಟ ಬಂದು ಕಪಾಟು ಸೇರಿತು. ಮುಂದಿನ ಕೀರ್ತಿಯ ಬೇಟೆಗೆಂದು ರಾಯರು ಬಂದು ಅದನ್ನೇ ತೆಗೆದು ತಿರುವಿದರು. ನಿಂತರು. ಅಡಿಟಿಪ್ಪಣಿ ಓದಿದರು. ಮೂಗಿನ ನಾಲೆಗಳು ನಡುಗಿದವು.

"ಏನಯ್ಯ ಇದು?"

"ಹಾಳಿ ಕಳದಿದ್ವಲ್ರಿ ಸರ್. ಟೈಪ್ ಮಾಡಿ ಹೊಲಿಸೀನಿ."

"ಯಾರು ಹೇಳಿದ್ರು ನಿನಗೆ? ಕಿತ್ತು ಹಾಕು! ಈಗಲೇ!"

"ಕೀಳಾಕ ಬರಂಗಿಲ್ರಿ. ಗಟ್ಟಿ ಹೊಲಿಗಿ."

"ಲಿಂಗರಾಜು, ನಿನ್ನ ನೌಕರಿ..."

"ಅದ ಸರ್," ಎಂದ ಲಿಂಗರಾಜ, ಏಳು ವರ್ಷದಲ್ಲಿ ಮೊದಲ ಸಲ ಕುರ್ಚಿಯಿಂದ ಏಳದೆ. "ತಾತ್ಕಾಲಿಕ ಇದ್ದಾಗ ನೀವು ಹೇಳಿದ್ದೆಲ್ಲ ಮಾಡೀನಿ. ಈಗ ಖಾಯಂ ಅದೀನಿ. ತಗೀಬೇಕಂದ್ರ ಕಾರಣ ಬರದು ಕೊಡಬೇಕಾಗತೈತಿ. ಬರೀತೀರೇನ್ರಿ?"

ರಾಯರು ಸಂಪುಟವನ್ನು ಮೇಜಿನ ಮೇಲೆ ಬಿಟ್ಟು ಹೊರಗೆ ನಡೆದರು. ಓದುತ್ತಿದ್ದ ನಾಲ್ಕೈದು ವಿದ್ಯಾರ್ಥಿಗಳು ತಲೆಯೆತ್ತಿದರು. ಅವರಲ್ಲೊಬ್ಬಳು ಎದ್ದು ಬಂದು ಗುಜರಾತಿಯಲ್ಲಿ ಕೇಳಿದಳು: "ಲಿಂಗರಾಜಭಾಈ, ಆ ಪುಸ್ತಕ ಸ್ವಲ್ಪ ಕೊಡ್ತೀರಾ?"