ಅಪ್ಪ ಕನ್ನಡದಲ್ಲಿ ಓದಿ ಹೇಳಿದ ಇಟಾಲಿಯನ್ ಸಿನಿಮಾ

ನನಗೆ ಇಟಾಲಿಯನ್ ಸಿನಿಮಾ ಹುಚ್ಚು ಅಂತ ಈ ಗ್ರೂಪಿನಲ್ಲಿ ಎಲ್ಲರಿಗೂ ಗೊತ್ತು. ಇವತ್ತು ಇಲ್ಲಿ ಅಮೆರಿಕದ ಡುಲುತ್ ಊರಿನ ಕೆಫೆಯೊಂದರ ಟಿವಿಯಲ್ಲಿ ಅಂಥದ್ದೇ ಒಂದು ಕಪ್ಪು-ಬಿಳುಪು ಸಿನಿಮಾ ಓಡುತ್ತಿತ್ತು. ನೋಡುತ್ತಾ ಕೂತಿದ್ದರಲ್ಲಿ ನನ್ನ ಕಾಫಿ ಆರಿಹೋಯಿತು.

ನಾನು ಚಿಕ್ಕವಳಿದ್ದಾಗ ಅಪ್ಪನ ಅಮ್ಮ, ನನ್ನ ಅಜ್ಜಿ, ಮೈಸೂರಿನಿಂದ ಇಲ್ಲಿಗೆ ಬಂದು ಆರು ತಿಂಗಳು ನಮ್ಮ ಜೊತೆಗಿದ್ದರು. ಶನಿವಾರ ಮಧ್ಯಾಹ್ನ ಅಪ್ಪ ಲೈಬ್ರರಿಯಿಂದ ಇಟಾಲಿಯನ್ ಸಿನಿಮಾದ ಕ್ಯಾಸೆಟ್ ತರುತ್ತಿದ್ದರು. ಅಮ್ಮ ಪಾಸ್ತಾಗೆ ಸಾಸಿವೆ, ಕರಿಬೇವಿನ ಒಗ್ಗರಣೆ ಹಾಕಿ ಕೊಡುತ್ತಿದ್ದಳು. ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಪ್ಪ ಸಬ್‌ಟೈಟಲ್ ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದರು, ಹೆಂಗಸರ ಮಾತು ಬಂದರೆ ದನಿ ಸಣ್ಣ ಮಾಡಿ.

ಒಂದು ಸಿನಿಮಾದಲ್ಲಿ ಮುದುಕಿಯೊಬ್ಬಳಿಗೆ ಕಾಗದ ಬಂತು. ಅಪ್ಪ ಸ್ವಲ್ಪ ತಡವರಿಸಿ, "ಅವಳ ತಮ್ಮ ಹುಷಾರಾಗ್ತಿದಾನಂತೆ ಅಮ್ಮ" ಎಂದರು.

ನಾನು ಆಗಷ್ಟೇ ಬೇಗ ಬೇಗ ಓದಲು ಕಲಿತಿದ್ದೆ. "ನೋ ಅಜ್ಜಿ, ಅಪ್ಪ ರಾಂಗ್ ಹೇಳಿದ್ರು! ಅವ್ನು ಸತ್ತೋದ!" ಎಂದು ಜಂಬದಿಂದ ಕೂಗಿದೆ.

ಅಜ್ಜಿ ತಟ್ಟೆ ಕೆಳಗಿಟ್ಟರು.

"ಲೋ ರಘು, ಹೋದ ವಾರ ಮೈಸೂರಿಂದ ಫೋನ್ ಬಂದಾಗ ನನ್ ತಮ್ಮ ಸೀನನೂ ಹುಷಾರಾಗ್ತಿದಾನೆ ಅಂದ್ಯಲ್ಲ. ಅದೂ ಹೀಗೇನಾ?"

ಅಪ್ಪ ತಲೆ ಎತ್ತಲಿಲ್ಲ. "ನೀನು ಊರಿಗೆ ಹೋದ್ಮೇಲೆ ಹೇಳೋಣ ಅಂತಿದ್ದೆ ಅಮ್ಮ."

"ಸೂತಕದ ಸ್ನಾನಾನೂ ಮಾಡ್ದೆ ಒಂದು ವಾರ ಕೂತಿದೀನಲ್ಲೋ" ಎನ್ನುತ್ತಾ ಅಜ್ಜಿ ಎದ್ದು ಬಚ್ಚಲಿಗೆ ಹೋದರು. ತುಂಬಾ ಹೊತ್ತು ನೀರಿನ ಸದ್ದು ಕೇಳುತ್ತಲೇ ಇತ್ತು.

ಈಗಲೂ ಒಳ್ಳೆಯ ಇಟಾಲಿಯನ್ ಸಿನಿಮಾ ಸಿಕ್ಕರೆ ಅಪ್ಪನನ್ನು ಕರೆಯುತ್ತೇನೆ. "ನೀನೇ ನೋಡು ಪುಟ್ಟಿ, ನಂಗೆ ಕಣ್ಣು ಉರಿಯುತ್ತೆ" ಎನ್ನುತ್ತಾರೆ. ಅದು ನೆಪ ಎಂದು ಗೊತ್ತು. ನಾನು ತಿದ್ದಲು ಹೋಗುವುದಿಲ್ಲ.