ನಲವತ್ತೊಂದು ಸಾಲು

ಸಿಮೆಂಟ್ ಶೀಟ್ ಕಾರ್ಖಾನೆಯ ದವಾಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಕಡತ ಕಾಯುತ್ತಿದ್ದವಳನ್ನು ಎಲ್ಲರೂ ಫೈಲಕ್ಕ ಎಂದೇ ಕರೆಯುತ್ತಿದ್ದರು. ಯಾರ ಕಣ್ಣು ಮಂಜು, ಯಾರಿಗೆ ಬಿ.ಪಿ., ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಅಂಥವಳು ಸೋಮವಾರ ಬೆಳಿಗ್ಗೆ ಸ್ವಂತ ತಮ್ಮನ ಒಂದು ಮಾತಿಗೆ ತಬ್ಬಿಬ್ಬಾದಳು.

ತಮ್ಮ ಅದೇ ಕಾರ್ಖಾನೆಯಲ್ಲಿ ಶೀಟು ಕತ್ತರಿಸುವವನು. ಆರು ತಿಂಗಳಿಂದ ಬಿಡದ ಕೆಮ್ಮು.

"ಹೊರಗಿನ ಡಾಕ್ಟ್ರು ಹಳೇ ಎಕ್ಸ್‌ರೇ ರಿಪೋರ್ಟ್ ಕೇಳ್ತಿದಾರೆ ಅಕ್ಕಾ. ಆಗ ಎದೆ ಚೆನ್ನಾಗಿತ್ತು ಅಂದ್ರೆ ಇದು ಹೊಸದು, ವಾಸಿ ಮಾಡ್ಬೋದಂತೆ. ಆಗ್ಲೇ ಇತ್ತು ಅಂದ್ರೆ..." ಉಳಿದದ್ದನ್ನು ಕೆಮ್ಮು ನುಂಗಿತು.

"ತೆಗೆದುಕೊಡ್ತೀನಿ ಹೋಗೋ" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವಳನ್ನು ಯಾರೂ ಕಳ್ಳಿ ಎನ್ನದೆಯೇ ಕೈ ಹೆಗಲಿಗೆ ಹೋಯಿತು. ಹದಿನೆಂಟು ವರ್ಷದ ಹಿಂದೆ, ಸರ್ಕಾರದ ತಪಾಸಣೆಯವರು ಬರುವ ಮುನ್ನಾದಿನ, ದೊಡ್ಡ ಡಾಕ್ಟರು ನಲವತ್ತೊಂದು ಕಾರ್ಮಿಕರ ಟೋಕನ್ ನಂಬರುಗಳ ಚೀಟಿ ಕೊಟ್ಟಿದ್ದರು. "ಹೆಸರು ನೋಡ್ಬೇಡಮ್ಮಾ. ಎಕ್ಸ್‌ರೇ ಪಟ್ಟೀಲಿ ನಂಬರ್ ಹುಡುಕು, ಸಾಲು ಅಳಿಸು." ಅವಳು ನೋಡಲಿಲ್ಲ. ನೋಡದೆ ಇರುವುದೂ ಒಂದು ವಿದ್ಯೆ ಕಣ್ರೀ, ಹೊಟ್ಟೆಪಾಡು ಬೇಗ ಕಲಿಸಿಬಿಡುತ್ತದೆ! ತಮ್ಮ ಆಗ ಕಲ್ಲು ಕುಟ್ಟಿದರೂ ದಣಿಯದ ಆಳು. ಅವನ ಟೋಕನ್ ನಂಬರು ಎಷ್ಟೆಂದೂ ಅವಳು ಕೇಳಿರಲಿಲ್ಲ.

ಆ ಕಾಲದ ಫೈಲು ಅವಳ ಮೇಜಿನ ಹೊಸ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ಪೆನ್‌ಡ್ರೈವ್ ಹಿಡಿದು ಹಾಜರಾತಿ ವಿಭಾಗಕ್ಕೆ ಹೋದಳು. ಅಲ್ಲಿ ತೆರೆಯಿತು. ಆರುನೂರ ಹನ್ನೆರಡು ಸಾಲು. ಮೇಲಿಂದ ಕೆಳಗೆ ಎರಡು ಸಲ ಹುಡುಕಿದಳು. ತಮ್ಮನ ಹೆಸರಿಲ್ಲ.

ಆ ವರ್ಷ ಎಲ್ಲರಿಗೂ ಎಕ್ಸ್‌ರೇ ಆಗಿತ್ತು. ಹಾಗಾದರೆ ಇವನೊಬ್ಬ ಎಲ್ಲಿ ಹೋದ? ಪೆನ್‌ಡ್ರೈವ್ ಕಿತ್ತುಕೊಂಡು ಉಗ್ರಾಣಕ್ಕೆ ನಡೆದಳು.

ಅಲ್ಲಿನ ಮೂಲೆಯಲ್ಲಿ ಉಗ್ರಾಣ ನೋಡಿಕೊಳ್ಳುವ ಸ್ಟೋರ್ ಮಾವನ ಕಂಪ್ಯೂಟರ್ ಇತ್ತು. ಹಳೆಯದನ್ನು ಎಸೆಯದ ಮನುಷ್ಯ. ಅವನ ಆಫೀಸ್ ಸಾಫ್ಟ್‌ವೇರೂ ಬೇರೆ ಥರದ್ದು. ಹಿಂದೆ ಅಳಿಸಿದ ಸಾಲು ಮತ್ತೆ ಸಿಗುತ್ತದೆಯೇ ಎಂದು ಅವನನ್ನು ಕೇಳಿದಳು.

"ಅಳಿಸಿದ್ದು ಎಲ್ಲೂ ಹೋಗಿರಲ್ಲಮ್ಮಾ. ಆ ಕಾಲದ ಫೈಲಲ್ಲಿ ಅಳಿಸು ಅಂದ್ರೆ ಸಾಲಿಗೊಂದು ಗುರುತು ಹಾಕಿ ಬಚ್ಚಿಡ್ತಿತ್ತು, ಅಷ್ಟೆ. ಪೂರ್ತಿ ತೆಗೀಬೇಕಾದ್ರೆ ಇನ್ನೊಂದು ಕಮಾಂಡ್ ಕೊಡ್ಬೇಕಿತ್ತು. ಕೊಟ್ಟಿದ್ರಾ?"

"ಯಾರೂ ಹೇಳಿಕೊಟ್ಟಿರ್ಲಿಲ್ಲ ಮಾವಾ."

"ಒಳ್ಳೇದೇ ಆಯ್ತು ಬಿಡಿ" ಎಂದು ನಗುತ್ತಾ ಅವನು 'ಅಳಿಸಿದ್ದನ್ನೂ ತೋರಿಸು' ಎಂಬ ಚೌಕಕ್ಕೆ ಟಿಕ್ ಹಾಕಿ ಚಹಾಕ್ಕೆ ಎದ್ದುಹೋದ.

ಆರುನೂರ ಐವತ್ತಮೂರು ಸಾಲು. ಈ ಸಲ ಫೈಲಕ್ಕ ಹೆಸರುಗಳನ್ನೇ ಓದಿದಳು. ಗೇಟಿನ ಕಾವಲುಗಾರ, ಹೋದ ವರ್ಷ ತೀರಿಕೊಂಡವನು. ಅವನ ಜೊತೆಯವರು ಇಬ್ಬರು, ಅವರೂ ಇಲ್ಲ. ಹೊಸದಾಗಿ ಕಾಣಿಸಿಕೊಂಡ ನಲವತ್ತೊಂದರಲ್ಲಿ ಹದಿನೇಳನೆಯದು ತಮ್ಮನ ಸಾಲು. ಎಡ ಎದೆಯಲ್ಲಿ ಕಲೆ. ತಕ್ಷಣ ದೂಳಿನ ಕೆಲಸದಿಂದ ಬಿಡಿಸಬೇಕು.

ಕೊಡಲಿ ಕಾವು ಕುಲಕ್ಕೆ ಮೂಲ ಎನ್ನುತ್ತಾರಲ್ಲ, ಅಯ್ಯೋ, ಆ ಕಾವು ತಾನೇ ಎಂದು ಅವಳಿಗೆ ಹೊಳೆಯಿತು. ಅದೇ ಹೊತ್ತಿಗೆ ಫೋನು ಹೊಡೆದುಕೊಂಡಿತು.

"ಸಿಕ್ತಾ ಅಕ್ಕಾ?"

"ಸಿಕ್ತು."

"ಚೆನ್ನಾಗಿತ್ತು ಅಲ್ವಾ ಆಗ?"

ಗುರುತು ಹಾಕಿ ಬಚ್ಚಿಡಲು ಈಗಲೂ ಒಂದು ಮಾತು ಸಾಕಿತ್ತು.

"ಇಲ್ಲ ಕಣೋ. ಆಗ್ಲೇ ಇತ್ತು. ನಿನ್ನನ್ನ ಆ ಕೆಲಸದಿಂದ ಬಿಡಿಸಿ ಅಂತ ಬರೆದಿದ್ರು. ಆ ಸಾಲು ಅಳಿಸಿದೋಳು ನಾನೇ."