ಕಾರ್ಪೊ ಸೂಜಿಗೆ ತೋಳು ಕೊಟ್ಟದ್ದು

ನೀಗ್ರೋಸ್ ದ್ವೀಪದ ಕಬ್ಬಿನ ಸೀಮೆಯಲ್ಲಿ ಕೋಳಿ ಕಾಳಗದ ಅಂಕಕ್ಕೆ ಹುಂಜಗಳನ್ನು ಪಳಗಿಸುವುದರಲ್ಲಿ ಪೋಲಿಕಾರ್ಪೊ ದುಮಾಯಸ್‌ನದು ದೊಡ್ಡ ಹೆಸರು. ಗೆಲ್ಲುವುದು ಹುಂಜ, ಮೀಸೆ ತಿರುವುವುದು ಇವನು ಎಂದು ಹೆಂಡತಿ ಕೊನ್ಸೋರ್ಸಿಯಾ ಹೇಳುತ್ತಿದ್ದಳು. ಮರಿಗಳು ಇನ್ನೂ ಬೆರಳುದ್ದ ಇರುವಾಗಲೇ ಅವುಗಳ ಕಣ್ಣಿಗೆ ಕೊಕ್ಕರೆ ರೋಗ ತಡೆಯುವ ಲಸಿಕೆಯ ಹನಿ ಬೀಳಬೇಕು. ಸ್ವಲ್ಪ ಬಲಿತ ಮೇಲೆ ರೆಕ್ಕೆಯ ತೊಗಲಿಗೆ ಸಿಡುಬಿನ ಚುಚ್ಚು. ಅದನ್ನೆಲ್ಲ ಕಾರ್ಪೊ ತಾನೇ ಮಾಡುತ್ತಿದ್ದ. ಚುಚ್ಚಿದ ಮೇಲೆ ಎದೆಗವಚಿಕೊಂಡು ಸಮಾಧಾನ ಮಾಡುತ್ತಿದ್ದ. ಹೆತ್ತ ಮಕ್ಕಳನ್ನು ಅವನು ಅಷ್ಟು ಮುದ್ದು ಮಾಡಿದ್ದನ್ನು ಕಂಡವರಿಲ್ಲ.

ತನ್ನ ತೋಳಿನ ಹತ್ತಿರ ಮಾತ್ರ ಸೂಜಿ ಸುಳಿಯಗೊಟ್ಟವನಲ್ಲ. ಊರಿನ ಆರೋಗ್ಯ ಕೇಂದ್ರದ ದಾದಿ ಲಿಯೋನಿಲಾ ಕೊನ್ಸೋರ್ಸಿಯಾಳ ತಂಗಿಯೇ. ಅವಳು ಮನೆಗೆ ಬಂದರೆ ಮೊದಲು ಅವಳ ಕೈಚೀಲ ನೋಡಿ, ಆಮೇಲೆ ಕಾಫಿ ಬೇಕೇ ಎಂದು ಕೇಳುತ್ತಿದ್ದ.

ಒಂದು ಭಾನುವಾರ ಅಂಕದ ಕಣದಲ್ಲಿ ಹುಂಜದ ಕಾಲಿಗೆ ಬಾಳು ಎಂಬ ಸಣ್ಣ ಕತ್ತಿ ಕಟ್ಟುವಾಗ ಅದು ಕೊಸರಿಕೊಂಡಿತು, ಬಾಳು ಅಂಗೈಯನ್ನು ಆಳವಾಗಿ ಸೀಳಿತು. ಕಾರ್ಪೊ ಪೇರಲೆ ಎಲೆ ಅಗಿದು ಮೆತ್ತಿ, ಬಟ್ಟೆ ಸುತ್ತಿಕೊಂಡು ಸುಮ್ಮನಾದ. ಕೊನ್ಸೋರ್ಸಿಯಾ ಸುಮ್ಮನಾಗಲಿಲ್ಲ, ತಂಗಿಗೆ ಹೇಳಿಕಳಿಸಿದಳು. ಮರುದಿನ ಬೆಳಿಗ್ಗೆ ಲಿಯೋನಿಲಾ ಮದ್ದಿನ ಪೆಟ್ಟಿಗೆ ಹಿಡಿದು ಬಂದಾಗ ಅವನು ಕೋಳಿಗೂಡಿನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಹೊತ್ತಲ್ಲದ ಹೊತ್ತಿನಲ್ಲಿ ಯಜಮಾನನನ್ನು ಕಂಡ ಹುಂಜಗಳು ಗದ್ದಲವೆಬ್ಬಿಸಿ ಅವನನ್ನು ಹಿಡಿದುಕೊಟ್ಟವು.

ಲಿಯೋನಿಲಾ ಬಕೆಟ್ ಬೋರಲು ಹಾಕಿಕೊಂಡು ಕೂತಳು. ರೋಗದಿಂದಲೇ ಮಾಡಿದ ಮದ್ದನ್ನು ಗಟ್ಟಿಮುಟ್ಟಾದ ಮೈಗೆ ತುಂಬಿಸುವುದು ಯಾವ ಬುದ್ಧಿವಂತಿಕೆ ಎಂದು ಅವನು ಗೂಡಿನ ಆಚೆಯಿಂದಲೇ ವಾದ ಹೂಡಿದ.

"ಮರಿಗಳ ಕಣ್ಣಿಗೆ ಬಿಡ್ತೀರಲ್ಲ, ಅದೇನು ಎಳನೀರಾ ಭಾವ?"

"ಅದು ಬೇರೆ, ಇಂದಾಯ್." ಆ ಸೀಮೆಯಲ್ಲಿ ತಂಗಿಯಂಥವರನ್ನು ಕರೆಯುವುದು ಹಾಗೆ.

"ಅದ್ರಲ್ಲಿರೋದೂ ಜೀವ ಇರೋ ರೋಗಾಣುನೇ. ಬಲ ಕುಂದಿಸಿರ್ತಾರೆ, ಅಷ್ಟೇ. ಮರಿ ಹುಂಜಕ್ಕೆ ಕಾದಾಟ ಕಲಿಸೋವಾಗ ಕಾಲಿನ ಮುಳ್ಳಿಗೆ ಚರ್ಮದ ಚೀಲ ಕಟ್ಟಲ್ವಾ ನೀವು? ಹಾಗೇ ಇದು."

ಇದು ಕಾರ್ಪೊಗೆ ತಿಳಿಯುವ ಭಾಷೆ. ತಲೆ ಹೊರಗೆ ಹಾಕಿದ. ದೊಡ್ಡ ಕೋಳಿಗಳಿಗೆ ಕೊಡುವ ಎಣ್ಣೆಯಂಥ ಮದ್ದು ಹೇಗೆ ಎಂದು ಕೇಳಿದ.

"ಅದ್ರಲ್ಲಿ ರೋಗಾಣು ಸತ್ತಿರತ್ತೆ. ಸತ್ತ ಹುಂಜ ಎದುರಿಗೆ ಹಿಡಿದ್ರೆ ಮರಿ ಗುರುತೇನೋ ಮಾಡ್ಕೊಳತ್ತೆ, ಆದ್ರೆ ಬೇಗ ಮರೆಯತ್ತೆ. ಮತ್ತೆ ಮತ್ತೆ ತೋರಿಸ್ಬೇಕು."

"ನಂಗೆ ಕೊಡೋದು?"

"ನಿಮಗೆ ಕೊಡೋದ್ರಲ್ಲಿ ಹುಂಜಾನೇ ಇಲ್ಲ, ಬರೀ ಬಾಳು. ಗಾಯದಿಂದ ಬರೋ ಧನುರ್ವಾಯು ಕೊಲ್ಲೋದು ಅದು ಬಿಡೋ ವಿಷದಿಂದ. ಆ ವಿಷದ ಅಂಚು ಪೂರ್ತಿ ಸವೆಸಿ ಮೈಗೆ ತೋರಿಸ್ತೀವಿ. ಮುಂದೆ ನಿಜವಾದ್ದು ಬಂದ್ರೆ ಮೈ ತಡೆಯತ್ತೆ."

ಕಾರ್ಪೊ ಇನ್ನೇನು ಎದ್ದು ಬರುವವನಿದ್ದ. ಅಷ್ಟರಲ್ಲಿ ಪೆಟ್ಟಿಗೆಯಲ್ಲಿ ಎರಡು ಸಿರಿಂಜು ಕಂಡು ಮತ್ತೆ ಕೂತ. ಮೈ ಈ ಪಾಠ ಕಲಿಯುವುದಕ್ಕೆ ವಾರಗಟ್ಟಲೆ ಬೇಕು, ಗಾಯ ಅಷ್ಟು ದಿನ ಕಾಯುವುದಿಲ್ಲ ಎಂದು ಅವಳು ತಿಳಿಸಿ ಹೇಳಿದಳು. ಅದಕ್ಕೇ ಇನ್ನೊಂದು ತೋಳಿಗೆ ಬೇರೆಯವರ ರಕ್ತದಿಂದ ತೆಗೆದ ಸಿದ್ಧ ಕಾವಲು. ಅದು ಬಾಡಿಗೆ ಹುಂಜಗಳನ್ನು ತಂದ ಹಾಗೆ. ಈ ಹೊತ್ತೇ ಕಾದುತ್ತವೆ, ಕೆಲವು ವಾರಗಳಲ್ಲಿ ಹೊರಟುಹೋಗುತ್ತವೆ, ಮನೆಯ ಮರಿಗಳಿಗೆ ಏನೂ ಕಲಿಸುವುದಿಲ್ಲ. ಬಾಡಿಗೆ ಹುಂಜ ತಂದು ಗೆಲ್ಲುವುದು ಕಾರ್ಪೊನ ಮರ್ಯಾದೆಗೆ ಒಗ್ಗುವ ಮಾತಲ್ಲ. ಆದರೂ ಇದು ಅಂಕವಲ್ಲವೆಂದು ಒಪ್ಪಿಕೊಂಡ. ಹೊರಗೆ ಬಂದ, ಅಂಗಿ ಕಳಚಿದ, ಸೂಜಿ ಇನ್ನೂ ಗಾಳಿಯಲ್ಲಿರುವಾಗಲೇ ಮೂರ್ಛೆ ಹೋದ.

ಕಣ್ಣು ಬಿಟ್ಟಾಗ ಎರಡೂ ಮುಗಿದಿದ್ದವು. ತಿಂಡಿ ತಿಂದಿರಲಿಲ್ಲ, ಅದಕ್ಕೇ ಹೀಗಾಯಿತು ಎಂದ. ಬೆಳ್ಳುಳ್ಳಿ ಅನ್ನ, ಒಣಮೀನು ಎರಡೆರಡು ಸಲ ಬಡಿಸಿಕೊಂಡದ್ದನ್ನು ಕೊನ್ಸೋರ್ಸಿಯಾ ಕೂಡಲೇ ಊರಿಗೆಲ್ಲ ಕೇಳುವಂತೆ ನೆನಪಿಸಿದಳು.

ಮರುದಿನ ತೋಳು ಊದಿತು. ಒಳಗೆ ತನ್ನ ಮರಿಗಳು ತಾಲೀಮು ಮಾಡುತ್ತಿವೆ ಎಂದು ಅದನ್ನೇ ಎಲ್ಲರಿಗೂ ತೋರಿಸಿಕೊಂಡು ತಿರುಗಿದ. ತಿಂಗಳು ಕಳೆದು ಎರಡನೆಯ ಚುಚ್ಚಿಗೆ ತಾನೇ ನಡೆದು ಹೋದ. ಅಲ್ಲಿಂದ ಮುಂದೆ, ತಾಯಂದಿರು ಕೂಸುಗಳನ್ನು ತರುವ ಬುಧವಾರಗಳಲ್ಲಿ ಕೇಂದ್ರದ ಬೆಂಚಿನ ಮೇಲೆ ಅವನೂ ಕೂತು ಹುಂಜಗಳ ಮಾತಿನಲ್ಲೇ ಲಸಿಕೆ ವಿವರಿಸುತ್ತಿದ್ದ, ಕರೆದವರು ಯಾರೂ ಇಲ್ಲದಿದ್ದರೂ. ಮಹಾಮಾರಿಯ ಕಾಲದ ಹೊಸ ಲಸಿಕೆ ಹೇಗೆಂದು ಯಾರೋ ಕೇಳಿದಾಗ ತಡವರಿಸಿ ಲಿಯೋನಿಲಾಳ ಹತ್ತಿರ ಓಡಿದ. ಅದರಲ್ಲಿ ಹುಂಜವೂ ಇಲ್ಲ, ಬಾಳೂ ಇಲ್ಲ, ಬರೀ ದರ್ಜಿಯ ಅಳತೆ ಚೀಟಿ. ಆ ಚೀಟಿ ನೋಡಿ ಮೈಯೇ ವೈರಿ ಹುಂಜದ ಜುಟ್ಟೊಂದನ್ನು ಹೊಲಿದು, ಗುರುತು ಮಾಡಿಕೊಂಡು, ಚೀಟಿ ಹರಿದುಹಾಕುತ್ತದೆ ಎಂದು ಅವಳಂದದ್ದನ್ನು ತನ್ನದೇ ಮಾತೆಂಬಂತೆ ಬಂದು ಹೇಳಿ ಬೆಂಚಿನವರನ್ನು ನಗಿಸಿದ.

ಜೋವೆಲಿನ್ ಎಂಬ ಎಳೆಯ ತಾಯಿ ಮಾತ್ರ ನಗಲಿಲ್ಲ. ದಡಾರದ ಮೊದಲ ಚುಚ್ಚಿಗೆ ಮಗುವಿಗೆ ಜ್ವರ ಬಂದಿತ್ತು, ಎರಡನೆಯದು ಬೇಡವೆಂದು ಎದ್ದು ಹೊರಟಿದ್ದಳು. ಕಾರ್ಪೊ ದನಿ ತಗ್ಗಿಸಿದ.

"ನಾನು ಪ್ರಾಯದಲ್ಲಿದ್ದಾಗ ಕೊಕ್ಕರೆ ರೋಗ ಬಂತಮ್ಮ. ಒಂದು ವಾರದಲ್ಲಿ ಅಂಗಳ ಪೂರ್ತಿ ಖಾಲಿ. ಹನಿ ಹಾಕ್ಸಿದ್ದ ಪಕ್ಕದ ಮನೆಯವರ ಕೋಳಿ ಮಾತ್ರ ಮೇಯ್ತಾ ಇದ್ವು. ಹನಿ ಹಾಕಿದ್ದಕ್ಕೆ ಅವೂ ಎರಡು ದಿನ ತೂಕಡಿಸಿದ್ವು."

ಜೋವೆಲಿನ್ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಮೂರನೆಯ ಚುಚ್ಚಿನ ದಿನ ಕಾರ್ಪೊ ಮೂರ್ಛೆ ಹೋಗಲಿಲ್ಲ. ಕಣ್ಣು ಮುಚ್ಚಿಕೊಂಡು, ಬೇರೆ ಏನಾದರೂ ಮಾತಾಡು ಎಂದು ನಾದಿನಿಯನ್ನು ಬೇಡಿಕೊಂಡ. ಅವಳು ತನ್ನ ಮಗನ ಮದುವೆ ಮಾತುಕತೆಯ ಕತೆ ಶುರುಮಾಡಿ, ನಡುವೆ ನಿಲ್ಲಿಸಿ, ಮುಗಿಯಿತು, ಏಳಿ ಎಂದಳು.

ಅವನು ಏಳಲಿಲ್ಲ.

"ಅರ್ಧಕ್ಕೆ ಬಿಟ್ರೆ ಹೇಗೆ ಇಂದಾಯ್? ಹುಡುಗಿ ಕಡೆಯವರು ಏನಂದ್ರು?"